ಅಪ್ಪನ ಬಂಗುಡೆ ಬಿಡಿಸಿದ್ದು

ಅಪ್ಪನಿಗೆ ಬಿ.ಪಿ. ಮಾತ್ರೆ ಶುರುವಾಗಿ ಒಂದು ವರ್ಷವಾಗಿತ್ತು. ಆಗ ರಕ್ತ ಪರೀಕ್ಷೆಯಲ್ಲಿ ಟ್ರೈಗ್ಲಿಸರೈಡ್, ಅಂದರೆ ರಕ್ತದಲ್ಲಿ ಓಡಾಡುವ ಒಂದು ಬಗೆಯ ಕೊಬ್ಬು, ಜಾಸ್ತಿ ಬಂತು. ದೊಡ್ಡಪ್ಪ ಇದೇ ಪ್ರಾಯದಲ್ಲಿ ಪಾರ್ಶ್ವವಾಯುವಿನಿಂದ ತೀರಿಕೊಂಡಿದ್ದರು. ಅಪ್ಪ ಬಾಯಿಬಿಟ್ಟು ಹೇಳದಿದ್ದರೂ ಆ ಹೆದರಿಕೆ ಮನೆಯಲ್ಲಿ ಎಲ್ಲರಿಗೂ ಇತ್ತು. "ಮೂರು ತಿಂಗಳು ಪಥ್ಯ ಮಾಡಿ. ಇಳಿಯದಿದ್ದರೆ ಇನ್ನೊಂದು ಮಾತ್ರೆ" ಎಂದರು ಡಾಕ್ಟರು.

ಪಥ್ಯದ ಯಜಮಾನಿಕೆ ನಾನು ವಹಿಸಿಕೊಂಡೆ. ಓದಿದ್ದು ಕಾಮರ್ಸ್, ಹುಚ್ಚು ಮಾತ್ರ ವೈದ್ಯಕೀಯ ವಿಡಿಯೊಗಳದ್ದು. ರಕ್ತದಲ್ಲಿರುವ ಕೊಬ್ಬು ಎಂದರೆ ತಿಂದ ಕೊಬ್ಬೇ ಅಲ್ಲವೇ? ಮೊದಲು ಬಂಗುಡೆ ಮೀನು ನಿಲ್ಲಿಸಿದೆ, ಆಮೇಲೆ ತೆಂಗಿನಕಾಯಿ. ಸಕ್ಕರೆ ನಾರ್ಮಲ್ ಇದ್ದುದರಿಂದ ಕಷಾಯಕ್ಕೆ ಧಾರಾಳ ಬೆಲ್ಲ ಮಂಜೂರು ಮಾಡಿದೆ. ಎರಡು ಹೊತ್ತೂ ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿ. ಅಪ್ಪ ಪಾಪ, ಹಾಕಿದ್ದನ್ನು ಉಂಡರು.

ಮೂರು ತಿಂಗಳ ನಂತರ ಕೊಬ್ಬು ಮೊದಲಿಗಿಂತ ಹೆಚ್ಚಾಗಿತ್ತು. ಬಿ.ಪಿ.ಯೂ ಇಳಿದಿರಲಿಲ್ಲ.

ಕಾವೂರಿನಲ್ಲಿ ನಮ್ಮ ಕಾಂಪೌಂಡಿನ ಆಚೆ ಇರುವ ಬಾಯಮ್ಮ ಗಲ್ಫಿನಲ್ಲಿ ನರ್ಸ್ ಆಗಿದ್ದು ನಿವೃತ್ತರಾದವರು. ಅಮ್ಮ ಅವರನ್ನು ಕರೆದರು. ನಾನು ರಿಪೋರ್ಟು ಚಾಚಿದೆ. ಅವರು ಅದನ್ನು ಮುಟ್ಟಲಿಲ್ಲ. ಅಪ್ಪನನ್ನು ಬೆನ್ನು ಆನಿಸಿ ಕೂರಿಸಿ, ತೋಳಿನ ಕೆಳಗೆ ಮೈ ಒರೆಸುವ ಬೈರಾಸನ್ನು ಮಡಚಿ ಇಟ್ಟು, "ಐದು ನಿಮಿಷ ಮಾತಾಡಬಾರದು" ಎಂದರು. ನಾನಾದರೋ ಅಪ್ಪ ಟಿ.ವಿ. ನ್ಯೂಸಿಗೆ ಬೈಯುತ್ತಿರುವಾಗಲೇ ಬಿ.ಪಿ. ನೋಡುತ್ತಿದ್ದೆ!

ಬಿ.ಪಿ. ನೋಡಿಯಾದ ಮೇಲೆ ಅಮ್ಮನಿಗೆ ಹೇಳಿದರು: "ದಿನಾ ಹೇಗೆ ಬಡಿಸ್ತೀರಿ, ಹಾಗೇ ಬಡಿಸಿ. ನಾನು ನೋಡ್ಬೇಕು."

ಅಮ್ಮ ಬಟ್ಟಲು ತುಂಬಾ ಗಂಜಿ ಹಾಕಿ, ಪಕ್ಕಕ್ಕೆ ಉಪ್ಪಿನಕಾಯಿ ಇಟ್ಟರು. ಅದು ಖಾಲಿಯಾದಾಗ ಮತ್ತೊಂದು ಬಟ್ಟಲು. "ಮೀನು ಇಲ್ಲ ಅಲ್ವಾ ಬಾಯಮ್ಮ, ಹೊಟ್ಟೆ ತುಂಬಬೇಕಲ್ಲ" ಎಂದರು.

"ಆರೆ ದೇವಾ! ಮೀನು ಎಂತ ತಪ್ಪು ಮಾಡಿತ್ತು ಪುತಾ?" ಬಾಯಮ್ಮ ನನ್ನತ್ತ ತಿರುಗಿದರು.

"ಕೊಬ್ಬು ಜಾಸ್ತಿ ಅಂತ ಮೀನು ಬಿಡಿಸಿದ್ದು. ಗಂಜಿ, ಬೆಲ್ಲಕ್ಕೆ ಎಂತ ತೊಂದರೆ? ಸಕ್ಕರೆ ನಾರ್ಮಲ್ ಉಂಟಲ್ಲ ಆಂಟಿ..."

"ಪಂಪ್‌ವೆಲ್ ಸರ್ಕಲ್‌ನಲ್ಲಿ ಬಸ್ಸು ಸರಾಗ ಹೋಗ್ತಾ ಉಂಟು ಅಂತ ಇಟ್ಟುಕೋ. ಒಬ್ಬ ಪೊಲೀಸ್ ಸೀಟಿ ಊದಿದ್ದಕ್ಕೋ, ಆರು ಜನ ಊದಿದ್ದಕ್ಕೋ? ಬರೇ ಬಸ್ಸು ನೋಡಿದ್ರೆ ಗೊತ್ತಾಗ್ತದಾ? ಸಕ್ಕರೆ ಬಸ್ಸು, ಅದನ್ನು ಮುಂದೆ ಕಳಿಸುವ ಇನ್ಸುಲಿನ್ ಪೊಲೀಸ್. ಬಿ.ಪಿ. ಇರುವ ತುಂಬಾ ಜನರಿಗೆ ಆರಾರು ಪೊಲೀಸರು ಬೇಕಾಗ್ತದೆ. ಆಗ ಹೆಚ್ಚಾದ ಅನ್ನ, ಬೆಲ್ಲ ಎಲ್ಲ ಲಿವರ್‌ನಲ್ಲಿ ಕೊಬ್ಬಾಗಿ ರಕ್ತಕ್ಕೆ ಬರ್ತದೆ. ಕಿಡ್ನಿ ಉಪ್ಪನ್ನು ಹಿಡಿದು ಇಟ್ಟುಕೊಳ್ತದೆ. ನೀನು ಅದಕ್ಕೆ ಉಪ್ಪಿನಕಾಯಿ ಬೇರೆ ಕೊಟ್ಟಿದ್ದಿ! ಇವರಿಗೂ ಹಾಗೇ ಅಂತ ನಾನು ಹೇಳುವುದಿಲ್ಲ. ಡಾಕ್ಟರ ಹತ್ರ ಕೇಳಿ."

"ಮೂರು ತಿಂಗಳು ನನ್ನ ಬಂಗುಡೆ ತಪ್ಪಿಸಿದಿಯಲ್ಲ ಮಾರಾಯ!" ಎಂದರು ಅಪ್ಪ.

ಕೇಳಿದೆವು. ಡಾಕ್ಟರು ಖಾಲಿ ಹೊಟ್ಟೆಯ ಇನ್ಸುಲಿನ್ ಪರೀಕ್ಷೆಯನ್ನೂ ಬರೆದುಕೊಟ್ಟರು. ಜಾಸ್ತಿಯೇ ಇತ್ತು. ಹೊಸ ಮಾತ್ರೆಗೆ ಮೊದಲು ಇನ್ನು ಮೂರು ತಿಂಗಳು ಕಾದು ನೋಡೋಣ ಎಂದರು. ನೂರಾರು ವಿಡಿಯೊ ನೋಡಿದ್ದ ನಾನು ಅಪ್ಪನ ಬಟ್ಟಲನ್ನು ಒಮ್ಮೆಯೂ ನೋಡಿರಲಿಲ್ಲ. ಬಾಯಮ್ಮ ಅಲ್ಲಿಂದಲೇ ಶುರುಮಾಡಿದ್ದರು.

ಬಂಗುಡೆ ಮರಳಿತು, ಎಣ್ಣೆಯಲ್ಲಿ ಕಾಯಿಸಿದ್ದಲ್ಲ, ಹುಣಸೆ, ಮೆಣಸು ಅರೆದು ಮಾಡುವ ಪುಳಿಮುಂಚಿ ಸಾರು. ಗಂಜಿ ಅರ್ಧ ಬಟ್ಟಲಿಗೆ, ಕಷಾಯದ ಬೆಲ್ಲ ಒಂದು ಚೂರಿಗೆ ಇಳಿಯಿತು, ಉಪ್ಪಿನಕಾಯಿ ನಿಂತಿತು, ಬಸಳೆ, ತೊಂಡೆಕಾಯಿ ಹೆಚ್ಚಾಯಿತು. ಸಂಜೆ ಅಪ್ಪನೂ ನಾನೂ ಕೆರೆಯ ಸುತ್ತ ನಡೆದೆವು.

ಮತ್ತೆ ಮೂರು ತಿಂಗಳಿಗೆ ಕೊಬ್ಬು ಚೆನ್ನಾಗಿ ಇಳಿದಿತ್ತು, ಬಿ.ಪಿ.ಯೂ ಸ್ವಲ್ಪ. ಹೊಸ ಮಾತ್ರೆ ಬೇಡವೆಂದರು ಡಾಕ್ಟರು. ಅಪ್ಪ ಆಟೋದಿಂದ ಇಳಿದವರೇ ನೇರ ಕಾಂಪೌಂಡಿನ ಹತ್ತಿರ ಹೋಗಿ ರಿಪೋರ್ಟನ್ನು ಆಚೆ ಚಾಚಿದರು. ಬಾಯಮ್ಮ ಕನ್ನಡಕ ಹಾಕಿ ಪೂರ್ತಿ ಓದಿದರು.

"ಒಳ್ಳೇದಾಯ್ತು. ಕಷಾಯದ ಬೆಲ್ಲ ಪೂರ್ತಿ ಬಿಟ್ರಾ?"

ಅಪ್ಪ ನನ್ನ ಮುಖ ನೋಡಿದರು.

"ಅವನನ್ನು ಎಂತ ನೋಡುವುದು? ಬನ್ನಿ, ಕೂತುಕೊಳ್ಳಿ, ಬಿ.ಪಿ. ನೋಡುವ. ಐದು ನಿಮಿಷ ಮಾತಾಡಬಾರದು."