ತಿದ್ದುಪಡಿಯಮ್ಮನ ಎರಡು ಸೆಕೆಂಡು

ಲೋಕದವರೆಲ್ಲ ಕೈಜೋಡಿಸಿ ಪುಕ್ಕಟೆಯಾಗಿ ಕಟ್ಟುವ ಸಾಫ್ಟ್‌ವೇರಿಗೆ ತಿದ್ದುಪಡಿ ಕಳಿಸುವವರಲ್ಲಿ ನಮ್ಮ ತಿದ್ದುಪಡಿಯಮ್ಮನಷ್ಟು ವಿನಯವಂತೆ ಇನ್ನೊಬ್ಬಳಿಲ್ಲ. ಅವಳು ಕಳಿಸಿದ್ದು ಏಳೇ ಸಾಲು. ಅದನ್ನು ಒಪ್ಪಬೇಕಾದ, ಅವಳು ಮುಖವನ್ನೇ ಕಾಣದ ಪರಿಶೀಲಕ ಮಹಾಶಯ ಎತ್ತಿದ ತಕರಾರು ಹತ್ತೊಂಬತ್ತು. ಕೋಡಿನೊಳಗೆ ಇಟ್ಟ ಹೆಸರು ಉದ್ದವಾಯಿತೆಂದರೆ ಮೊಟಕು ಮಾಡುತ್ತಾಳೆ, ಗಿಡ್ಡವಾಯಿತೆಂದರೆ ಮತ್ತೆ ಎಳೆಯುತ್ತಾಳೆ, ಒಂದು ಖಾಲಿ ಜಾಗ ಹೆಚ್ಚಾಯಿತೆಂದರೆ ಕನ್ನಡಕ ಏರಿಸಿ ಹೇನು ಹೆಕ್ಕುವಂತೆ ಹೆಕ್ಕುತ್ತಾಳೆ. ಪ್ರತಿ ಸಲವೂ "ತಾವು ಹೇಳಿದ್ದು ಸರಿ ಸರ್" ಎಂದು ಬರೆದು, ಗಂಡನ ಕಡೆ ತಿರುಗಿ "ಇವನ ತಲೆ" ಎನ್ನುತ್ತಾಳೆ. ಮನೆಯಲ್ಲಿ ಕಿಟಕಿ ಪರದೆಯ ಬಣ್ಣಕ್ಕೂ ಸೋಲದವಳು ಅಲ್ಲಿ ಹದಿನೆಂಟು ಕೋಟೆಗಳನ್ನು ನಗುನಗುತ್ತ ಬಿಟ್ಟುಕೊಟ್ಟಿದ್ದಾಳೆ. ಹತ್ತೊಂಬತ್ತನೆಯದರ ಬಾಗಿಲಲ್ಲಿ ಮಾತ್ರ ಒನಕೆ ಹಿಡಿದು ನಿಂತಿದ್ದಾಳೆ. ಮೌಸನ್ನು ಒಮ್ಮೆ ಒತ್ತಿ, ಎರಡು ಸೆಕೆಂಡು ಬಿಟ್ಟು ಇನ್ನೊಮ್ಮೆ ಒತ್ತಿದರೂ ಫೈಲು ತೆರೆಯಬೇಕು ಎಂಬುದು ಅವಳ ಪಟ್ಟು. "ಅಷ್ಟು ನಿಧಾನ ಯಾರ ಕೈ ಇರುತ್ತೆ? ಒಂದು ಸೆಕೆಂಡು ಧಾರಾಳ ಆಯ್ತು" ಎಂದು ಮಹಾಶಯರ ಅಪ್ಪಣೆ. ಇದೆ, ಅಂಥದೊಂದು ಕೈ ಇದೆ: ನಲವತ್ತು ವರ್ಷ ಕೈಗಡಿಯಾರ ರಿಪೇರಿ ಮಾಡಿ, ಈಗ ನಡುಕ ಹತ್ತಿದ ಅವಳ ಅಣ್ಣನದು. ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಐವತ್ತು ಸಲ ಒತ್ತಿಸಿ ಅಳೆದಿದ್ದಾಳೆ. ಕಾಲು ಸೆಕೆಂಡಿನ ಸುಳ್ಳನ್ನೂ ಸಹಿಸದ ಅಣ್ಣ ನಿನ್ನೆ ಅವಳನ್ನೇ ತರಾಟೆಗೆ ತೆಗೆದುಕೊಂಡ: "ನನಗೆ ಒಂದೂಮುಕ್ಕಾಲು ಸಾಕು ಕಣೇ. ಎರಡು ಅಂತ ಯಾಕೆ ಜಗಳ ಆಡ್ತೀಯ?" ತಿದ್ದುಪಡಿಯಮ್ಮ ಕಂಪ್ಯೂಟರ್ ಪರದೆಯಿಂದ ಕಣ್ಣು ಕೀಳಲಿಲ್ಲ. "ಮುಂದಿನ ವರ್ಷಕ್ಕೂ ಬೇಕಲ್ಲ ಅಣ್ಣ" ಎಂದು, ಎರಡನ್ನು ಎರಡಾಗಿಯೇ ಉಳಿಸಿ, ಹನ್ನೆರಡನೆಯ ಸಲ ಕಳಿಸಿದಳು.