ಆಂಬುಲೆನ್ಸ್ ಮಾತು ತಿನ್ನುವ ಡಬ್ಬಿ

ನನ್ನಕ್ಕ ಒಂದು ಕಡೆ ಕೂರುವವಳಲ್ಲ. ಊಟದ ಮಧ್ಯೆ ಎದ್ದು ಗ್ಯಾಸ್ ನೋಡುತ್ತಾಳೆ, ಚಿಲಕ ಹಾಕಿದ ಬಾಗಿಲನ್ನು ಮತ್ತೆ ಎಳೆದು ನೋಡುತ್ತಾಳೆ. ಭಾವ ಅವಳಿಗಿಟ್ಟ ಹೆಸರು ಬುಗುರಿ. ಅಂಥವಳು ಕಾಲೇಜಿನ ಪ್ರಯೋಗಾಲಯದಲ್ಲಿ ವರ್ಷಗಟ್ಟಲೆ ಒಂದೇ ಡಬ್ಬಿಗೆ ಜೋತುಬಿದ್ದಿದ್ದಳು.

ಆ ಡಬ್ಬಿಗೆ ಬ್ಯಾಟರಿ ಇಲ್ಲ. ಗಾಳಿಯಲ್ಲಿ ಹೋಗುವ ವೈರ್‌ಲೆಸ್ ಅಲೆಗಳಿಂದಲೇ ಚೂರುಪಾರು ವಿದ್ಯುತ್ ಕೂಡಿಟ್ಟುಕೊಳ್ಳುತ್ತದೆ. ನಾನು ಆಸ್ಪತ್ರೆಯ ಆಂಬುಲೆನ್ಸ್ ಕಂಟ್ರೋಲ್ ರೂಮಿನಲ್ಲಿ ಮೈಕ್ ಹಿಡಿದು ಕೂರುವವಳು. ಮೇಲಧಿಕಾರಿಯ ಕೈಕಾಲು ಹಿಡಿದು, ನಮ್ಮ ವೈರ್‌ಲೆಸ್ ಚಾನೆಲ್ಲನ್ನು ಪರೀಕ್ಷೆಗೆಂದು ಒಂದು ದಿನದ ಮಟ್ಟಿಗೆ ಅಕ್ಕನಿಗೂ ಕೊಡಿಸಿದೆ. ನೆಲಮಾಳಿಗೆಯ ರಕ್ತನಿಧಿಯವರಿಗೆ ನಮ್ಮ ವೈರ್‌ಲೆಸ್ ಕೇಳಿಸುವುದಿಲ್ಲ. ಅಲೆಗಳು ತಲುಪುವ ಮೆಟ್ಟಿಲ ತುದಿಯಲ್ಲಿ ಅಕ್ಕ ಡಬ್ಬಿಯಿಟ್ಟು, ಕೆಳಗಿನ ರಕ್ತದ ಫ್ರಿಜ್ಜಿಗೆ ತಂತಿ ಎಳೆದಿದ್ದಳು. ಅದು ಮೊದಲು ನಮ್ಮ ಮಾತನ್ನು ಅವರಿಗೆ ದಾಟಿಸಬೇಕು. ಆಮೇಲೆ ಶಕ್ತಿ ಉಳಿದು, ಚಾನೆಲ್ ಖಾಲಿಯಿದ್ದರೆ ತನ್ನ ಮಾತು ಹೇಳಿಕೊಳ್ಳಬಹುದು. ಅದರ ಮಾತೆಂದರೆ ಆ ಫ್ರಿಜ್ಜು ಎಷ್ಟು ತಣ್ಣಗಿದೆ ಎಂಬುದು, ಅಷ್ಟೇ. ಅವತ್ತು ಮುಗಿಯುವುದರೊಳಗೆ ಅದು ನನ್ನ ಪರದೆಗೆ ಬರದಿದ್ದರೆ ಡಬ್ಬಿಯ ಕೆಲಸವನ್ನು ಕಾಲೇಜು ಅಲ್ಲಿಗೇ ನಿಲ್ಲಿಸುತ್ತಿತ್ತು.

ಅವತ್ತೇ ಊರಿಗೆಲ್ಲ ಆರೋಗ್ಯ ಉಕ್ಕಿತ್ತು. ಮಧ್ಯಾಹ್ನ ಕಳೆದರೂ ಒಂದು ಕರೆಯಿಲ್ಲ. ನಾವು ಮಾತಾಡದೆ ಡಬ್ಬಿಗೆ ಹೊಟ್ಟೆಗಿಲ್ಲ. ಅಕ್ಕ ಕಿಟಕಿಗೂ ಬಾಗಿಲಿಗೂ ಅಲೆದಾಡಿ ನನ್ನ ತಲೆ ಚಿಟ್ಟು ಹಿಡಿಸಿದಳು.

"ಏನಾದ್ರೂ ಮಾತಾಡೇ. ಸುಮ್ನೆ ಹಲೋ ಅನ್ನು."

"ಇದೇನು ಹರಟೆಕಟ್ಟೆನಾ? ನನ್ನ ಕೆಲ್ಸ ಹೋಗತ್ತೆ."

"ಇಷ್ಟು ದೊಡ್ಡ ಊರಲ್ಲಿ ಒಬ್ರಿಗೂ ಏನೂ ಆಗಲ್ವಾ ಹಾಗಾದ್ರೆ?"

ಅಂದವಳೇ ನಾಲಿಗೆ ಕಚ್ಚಿಕೊಂಡಳು. ಒಡಹುಟ್ಟಿದವಳ ಮೇಲೆ ನನಗೆ ಅಷ್ಟು ಸಿಟ್ಟು ಎಂದೂ ಬಂದಿರಲಿಲ್ಲ.

ಸಂಜೆಯಾಗುತ್ತಿದ್ದಂತೆ ಕರೆ ಬಂತು. ಮಹಡಿಯಿಂದ ಬಿದ್ದ ಹುಡುಗಿ. ಗಾಡಿ ಕಳಿಸಿದೆ. ಹುಡುಗಿಯನ್ನು ಹತ್ತಿಸಿಕೊಂಡು ಹೊರಟೆವೆಂದು ಚಾಲಕ ಹೇಳಿದ ಮೇಲೆ, ರಕ್ತ ಸಿದ್ಧವಿಡಿ ಎಂದು ವೈರ್‌ಲೆಸ್ಸಿನಲ್ಲಿ ಹೇಳಿದೆ. "ಕೇಳಿಸ್ತು, ತೆಗೆದಿಡ್ತೀವಿ," ಎಂದು ನೆಲಮಾಳಿಗೆಯಿಂದ ಫೋನು ಬಂತು. ಅದನ್ನು ಚಾಲಕನಿಗೆ ತಿಳಿಸಲು ನಾನು ಮೈಕಿನ ಗುಂಡಿ ಒತ್ತಿದ್ದೆ. ಹಿಂದಿನಿಂದ ಅಕ್ಕ "ದಾಟ್ತು! ಮಾತು ದಾಟ್ತು!" ಎಂದು ಕುಣಿದು ನಕ್ಕಳು.

"ಯಾರ್ರೀ ಅಲ್ಲಿ ನಗ್ತಿರೋದು?" ಚಾಲಕ ಕೇಳಿದ. "ಇಲ್ಲಿ ಹುಡುಗಿ ಅಮ್ಮ ಪಕ್ಕದಲ್ಲೇ ಕೂತಿದ್ದಾರೆ. ಎಲ್ಲಾ ಕೇಳಿಸ್ತಿದೆ ಅವ್ರಿಗೆ."

ಅಕ್ಕ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು. ಸ್ವಲ್ಪ ಹೊತ್ತಿಗೆ ಫ್ರಿಜ್ಜಿನ ಲೆಕ್ಕ ಪರದೆಯ ಮೇಲೆ ಮೂಡಿತು. ಗೆದ್ದಿದ್ದಳು. ಆ ಕಡೆ ತಿರುಗಿಯೂ ನೋಡದೆ, ಗಾಡಿ ಬಂದು ನಿಲ್ಲುವ ಜಾಗಕ್ಕೆ ಓಡಿದಳು.

ಹುಡುಗಿ ಉಳಿದಳು. ಡಬ್ಬಿ ನಮಗೇ ಇರಲಿ ಎಂದರು ಮೇಲಧಿಕಾರಿ. ಅಕ್ಕ ಕೊಡಲಿಲ್ಲ. ಆಸ್ಪತ್ರೆಯ ಎದುರಿನ ರೇಡಿಯೋ ಗೋಪುರ ದಿನವಿಡೀ ಹಾಡು ಬಿತ್ತರಿಸುತ್ತದಲ್ಲ, ಆ ಅಲೆಗಳಿಂದಲೂ ವಿದ್ಯುತ್ ಹೀರುವಂತೆ ಬಿಚ್ಚಿ ಮತ್ತೆ ಕಟ್ಟುತ್ತೇನೆಂದು ಹೊತ್ತುಕೊಂಡು ಹೊರಟಳು.

"ಕೈಗೆ ಬಂದಿದ್ದನ್ನ ಒದೀತಿದೀಯಲ್ಲ, ಅಕ್ಕಾ!" ಎಂದು ಹಾರಾಡಿದೆ.

"ಯಾರಿಗೂ ಏನೂ ಆಗದ ದಿನಾನೂ ಅದಕ್ಕೆ ಹೊಟ್ಟೆ ತುಂಬಬೇಕು ಕಣೇ," ಎಂದಳು.