ಬಿಸಿಲಿನ ನೆಪ

ಗೆಳೆಯರೇ, ಇವತ್ತು ಪುಣೆಯ ಹಿಂಜವಾಡಿಯ ನಮ್ಮ ಆಫೀಸಿನಲ್ಲಿ ತಲೆ ತಗ್ಗಿಸಿ ಊಟ ಮಾಡಿದೆ. ಅಂಡಮಾನ್ ಪ್ರವಾಸ ಮುಗಿಸಿ ಕೆಲಸಕ್ಕೆ ಬಂದ ಮೊದಲ ದಿನ. ಟೀಮಿನ ಒಂಬತ್ತು ಜನರಲ್ಲಿ ಎಂಟು ಜನ ಹೋಗಿದ್ದೆವು. ಉಳಿದವರು ಶಿವಲೀಲಾ ಮೇಡಂ. ಐವತ್ತರ ಹತ್ತಿರದವರು. ಐದು ದಿನ ನಮ್ಮೆಲ್ಲರ ಕೆಲಸವನ್ನೂ ಒಬ್ಬರೇ ನೋಡಿಕೊಂಡಿದ್ದರು. ಅವರನ್ನು ನಾವು ಕರೆದೇ ಇರಲಿಲ್ಲ. ವಯಸ್ಸಾದವರು ಜೊತೆಗಿದ್ದರೆ ಮಜಾ ಇರುವುದಿಲ್ಲ ಎಂದು ಮೊದಲು ಹೇಳಿದವನು ನಾನೇ.

ಊಟದ ಹೊತ್ತಿಗೆ ಅವರೇ ನನ್ನ ಪಕ್ಕ ಬಂದು ಕೂತು, “ಫೋಟೋ ತೋರಸ್ರಿ” ಎಂದರು. ಒಂದೊಂದನ್ನೂ ಬೆರಳಿನಿಂದ ದೊಡ್ಡದು ಮಾಡಿ ನೋಡಿದರು. “ನೀರು ಇಷ್ಟು ತಿಳಿ ಇರತದೇನ್ರಿ? ಭಾಳ ಚಂದ ಅದ.”

ಯಾಕೆ ಕರೆಯಲಿಲ್ಲ ಎಂದು ಅವರು ಕೇಳಲೇ ಇಲ್ಲ. ಆದರೂ ನನ್ನ ಬಾಯಿ ಸುಮ್ಮನಿರಲಿಲ್ಲ. “ಅಲ್ಲಿ ತುಂಬಾ ಬಿಸಿಲು ಮೇಡಂ. ನಿಮಗೆ ಕಷ್ಟ ಆಗುತ್ತೆ ಅಂತಾನೇ ಕರೀಲಿಲ್ಲ.”

ಅವರು ಫೋನಿನಿಂದ ಕಣ್ಣೆತ್ತಿದರು. “ನಾ ಕಲಬುರಗಿಯಾಕಿ ರೀ. ನನಗ ಬಿಸಿಲಿನ ಮಾತು ಹೇಳ್ತೀರೇನು?”

ಸುತ್ತ ಕೂತವರೆಲ್ಲ ನಕ್ಕರು. ಅವರು ನಗಲಿಲ್ಲ. “ಒಂದ್ ಮಾತು ಕೇಳಬೇಕಿತ್ರಿ. ಬರೂದು ಬಿಡೂದು ನಾ ಹೇಳತಿದ್ದೆ” ಎಂದವರು, ತಮ್ಮ ಡಬ್ಬಿಯ ಶೇಂಗಾ ಹೋಳಿಗೆ ಮುರಿದು ಅರ್ಧ ನನ್ನ ತಟ್ಟೆಗೆ ಹಾಕಿದರು. ಅದನ್ನು ನುಂಗಲು ನನಗೆ ಎರಡು ಲೋಟ ನೀರು ಬೇಕಾಯಿತು.

ಅವರಿಗೆಂದು ತಂದಿದ್ದ ಕೀ ಚೈನ್ ಇನ್ನೂ ನನ್ನ ಬ್ಯಾಗಿನಲ್ಲೇ ಇದೆ. ಅದರ ಮೇಲೆ ಇಂಗ್ಲಿಷಿನಲ್ಲಿ ‘ಮತ್ತೆ ಬನ್ನಿ’ ಎಂದು ಬರೆದಿದೆ. ನಾವು ಒಮ್ಮೆಯೂ ಕರೆಯದವರಿಗೆ ಅದನ್ನು ಯಾವ ಮುಖ ಇಟ್ಟುಕೊಂಡು ಕೊಡಲಿ, ನೀವೇ ಹೇಳಿ.